ತಟ್ಟೆಯೊಳಗಿನ ಮಾಲ್ಗುಡಿ

ಪ್ಲೇಯರಿನ ಟ್ರೇ ಹೊರಗೆ ಬರುತ್ತದೆ. ಹನ್ನೆರಡು ಸೆಂಟಿಮೀಟರ್ ಅಗಲದ ಡಿವಿಡಿಯನ್ನು ಅಂಚು ಮಾತ್ರ ಹಿಡಿದು ಇಡುತ್ತೇನೆ. ಒಳಗೆ ಹೋದದ್ದೇ ಗಿರ್ರನೆ ಸುತ್ತಿ, ಒಂದು ಗಳಿಗೆ ತಡವರಿಸಿ, ಓದಲು ಶುರುಮಾಡುತ್ತದೆ. ಆಮೇಲೆ ಆ ಗುನುಗು. ಮಾತಿಲ್ಲ, ಸಾಹಿತ್ಯವಿಲ್ಲ, ಬರೀ ಗಂಟಲಿನಿಂದ ಹೊರಟ ಒಂದು ಆಲಾಪದ ತುಣುಕು. ಎಲ್. ವೈದ್ಯನಾಥನ್ ಕಟ್ಟಿದ ಈ ಕೆಲವೇ ಸ್ವರಗಳಿಗೆ ನಮ್ಮ ಮನೆಯಲ್ಲಿ ಎಂಥ ಶಕ್ತಿಯಿದೆಯೆಂದರೆ, ಅಡುಗೆಮನೆಯಲ್ಲಿ ಇದ್ದವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಾರೆ, ಮಹಡಿಯಲ್ಲಿ ಬಟ್ಟೆ ಮಡಿಸುತ್ತಿದ್ದವರು ಮೆಟ್ಟಿಲಿಳಿಯುತ್ತಾರೆ. ತೆರೆಯ ಮೇಲೆ ಆರ್.ಕೆ. ಲಕ್ಷ್ಮಣರ ಗೆರೆಗಳು ಮೂಡುತ್ತವೆ. ಅಣ್ಣ ಆರ್.ಕೆ. ನಾರಾಯಣ್ ಬರೆದ ಊರನ್ನು ತಮ್ಮ ಚಿತ್ರವಾಗಿಸಿದ್ದು. ಮೈಸೂರಿನಲ್ಲಿ ಬದುಕಿದ ಇಬ್ಬರ ಕಣ್ಣಿನ ನೆನಪು ಆ ಗೆರೆಗಳಲ್ಲಿದೆ. ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಶುರುವಾಗಿದೆ.

1986ರಲ್ಲಿ ಇದು ದೂರದರ್ಶನದಲ್ಲಿ ಬರತೊಡಗಿದಾಗ ಬೀದಿಗೆ ಒಂದೋ ಎರಡೋ ಟಿವಿ. ಎಳೆದು ಮುಚ್ಚುವ ಮರದ ಬಾಗಿಲಿದ್ದ ಆ ಪೆಟ್ಟಿಗೆಯ ಮುಂದೆ ಚಾಪೆ, ಚಾಪೆಯ ಮೇಲೆ ಮಕ್ಕಳು, ಹಿಂದೆ ಗೋಡೆಗೊರಗಿ ಹಿರಿಯರು, ಕಿಟಕಿಯಾಚೆ ಇನ್ನಷ್ಟು ಮುಖಗಳು. ಹೆಂಚಿನ ಮೇಲೆ ಹತ್ತಿದವನೊಬ್ಬ ಆಂಟೆನಾ ತಿರುಗಿಸುತ್ತಾ 'ಬಂತಾ? ಬಂತಾ?' ಎಂದು ಕೂಗುತ್ತಿದ್ದ. ಧಾರಾವಾಹಿ ನಮಗಾಗಿ ಕಾಯುತ್ತಿರಲಿಲ್ಲ, ನಾವೇ ಅದಕ್ಕಾಗಿ ಕಾಯಬೇಕಿತ್ತು. ಕರೆಂಟು ಹೋದರೆ ಆ ವಾರದ ಕಥೆಯೂ ಹೋದಂತೆ. 'ರುಕಾವಟ್ ಕೆ ಲಿಯೆ ಖೇದ್ ಹೈ' ಎಂಬ ಫಲಕ ಬಂದರಂತೂ ಇಡೀ ಚಾಪೆ ಉಸಿರು ಬಿಗಿಹಿಡಿದು ಕೂರುತ್ತಿತ್ತು.

ಹಾಗೆ ಅರ್ಧಕ್ಕೇ ಕೈಬಿಟ್ಟುಹೋದ ಕಥೆ ನನ್ನ ಪಾಲಿಗೆ 'ಎ ಹೀರೋ'. ಧೈರ್ಯವೇ ದೊಡ್ಡದೆಂದು ಸಾಧಿಸಲು ಹೊರಟ ಅಪ್ಪ, ಅಜ್ಜಿಯ ಪಕ್ಕ ಬೆಚ್ಚಗೆ ಮಲಗುತ್ತಿದ್ದ ಸ್ವಾಮಿಯನ್ನು ಆ ರಾತ್ರಿ ತನ್ನ ಆಫೀಸು ಕೋಣೆಯಲ್ಲಿ ಒಂಟಿಯಾಗಿ ಮಲಗು ಎನ್ನುತ್ತಾನೆ. ಅಪ್ಪನಾಗಿ ಗಿರೀಶ ಕಾರ್ನಾಡ್. ದನಿಯೇರಿಸದೆ, ಪತ್ರಿಕೆ ಓದುತ್ತಲೇ ಮಗನ ಜೀವ ನಡುಗಿಸುವ ಅಪ್ಪ. ಕತ್ತಲಲ್ಲಿ ಏನೋ ಅಲುಗಿತು, ಹುಡುಗನ ಕಣ್ಣು ಅಗಲವಾಯಿತು, ನಮ್ಮ ಬೀದಿಯ ಕರೆಂಟು ಹೋಯಿತು. ಸ್ವಾಮಿ ಕಳ್ಳನ ಕಾಲಿಗೆ ಹಲ್ಲೂರಿದ್ದನ್ನು ನಾನು ತಿಳಿದದ್ದು ನಾರಾಯಣರ ಪುಸ್ತಕದಿಂದ. ಕಣ್ಣಾರೆ ಕಾಣಲು ಎಷ್ಟೋ ವರ್ಷ ಕಾಯಬೇಕಾಯಿತು.

ನಡುವೆ ವಿಡಿಯೋ ಕ್ಯಾಸೆಟ್ಟಿನ ಕಾಲವೂ ಬಂದುಹೋಯಿತು. ಟಿವಿಯಿಂದ ನೇರ ಹಿಡಿದ ಪ್ರತಿ, ಪ್ರತಿಯ ಪ್ರತಿ, ಅದರ ಮೇಲೆ ಮಲೆನಾಡಿನ ಮಳೆಗಾಲದ ಬೂಷ್ಟು. ಟೇಪು ಹೆಡ್ಡಿಗೆ ಸಿಕ್ಕಿ ಕೀರಲುಗುಟ್ಟುವಾಗ ಸ್ವಾಮಿಯ ಮುಖ ನಡುವೆ ಸೀಳಿ ಮೇಲಕ್ಕೂ ಕೆಳಕ್ಕೂ ಜಾರುತ್ತಿತ್ತು.

ಆದ್ದರಿಂದಲೇ, ಬೆಂಗಳೂರಿನ ಅಂಗಡಿಯೊಂದರಲ್ಲಿ ಹಿಂದಿ ಸಿನಿಮಾಗಳ ಸಾಲಿನ ನಡುವೆ ಈ ಡಿವಿಡಿ ಪೆಟ್ಟಿಗೆ ಕಂಡಾಗ ನಾನು ಬೆಲೆ ನೋಡಲಿಲ್ಲ. ಎದೆಗವಚಿಕೊಂಡು ಗಲ್ಲೆಗೆ ನಡೆದೆ. ಸುತ್ತಿದ್ದ ಪ್ಲಾಸ್ಟಿಕ್ಕನ್ನು ಬಸ್ಸಿನಲ್ಲೇ ಉಗುರಿನಿಂದ ಬಿಡಿಸಿದೆ. ಕಥೆಗಳ ಹೆಸರುಗಳನ್ನು ಒಂದೊಂದಾಗಿ ಓದಿದೆ: 'ದಿ ಮಿಸ್ಸಿಂಗ್ ಮೇಲ್', 'ಇಂಜಿನ್ ಟ್ರಬಲ್', 'ಲೀಲಾಸ್ ಫ್ರೆಂಡ್'. ಪಕ್ಕದ ಸೀಟಿನ ಅಪರಿಚಿತರು ಬಗ್ಗಿ ನೋಡಿ, 'ಓ, ಶಂಕರ್‌ನಾಗ್‌ದಾ?' ಎಂದರು. ಅಷ್ಟು ಸಾಕಾಯಿತು. ಮೆಜೆಸ್ಟಿಕ್ ಬರುವವರೆಗೆ ನಮ್ಮಿಬ್ಬರ ಮಾತು ಮುಗಿಯಲಿಲ್ಲ.

ಆ ರಾತ್ರಿ ಮೊದಲು ಹಾಕಿದ್ದು 'ಎ ಹೀರೋ'ವನ್ನೇ. ಕಳ್ಳ ಬಂದ, ಸ್ವಾಮಿ ಕಚ್ಚಿದ, ಮನೆಯವರೆಲ್ಲ ದೀಪ ಹಿಡಿದು ಓಡಿಬಂದರು. ನಾನು ಎದ್ದುನಿಂತು ಚಪ್ಪಾಳೆ ತಟ್ಟಿದೆ. ಹಿಂದಕ್ಕೆ ಒತ್ತಿ ಇನ್ನೊಮ್ಮೆ ಕಚ್ಚಿಸಿದೆ.

ಹಿಂದಕ್ಕೆ ಒತ್ತುವ, ತಡೆದು ನಿಲ್ಲಿಸುವ ಈ ಅಧಿಕಾರ ಸಣ್ಣದಲ್ಲ. ಪ್ರಸಾರದ ಕಾಲದಲ್ಲಿ ಕಥೆಯ ಹಿಂದೆ ಓಡುವುದರಲ್ಲೇ ಕಣ್ಣು ದಣಿಯುತ್ತಿತ್ತು. ಈಗ ಕಥೆ ಬಾಯಿಪಾಠ, ಕಣ್ಣು ಬಿಡುವಾಗಿದೆ. ಚಿತ್ರ ನಿಲ್ಲಿಸಿದರೆ ಮೂಲೆಗಳಲ್ಲಿ ಕೆಲಸ ಮಾಡಿದವರು ಕಾಣತೊಡಗುತ್ತಾರೆ.

ನೋಡಿ, ಇಲ್ಲಿ ನಿಲ್ಲಿಸಿದ್ದೇನೆ. ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯ ಒಳಾಂಗಳ. ಕೈತೋಳಿನಲ್ಲಿ ಅಪ್ಪಿದರೂ ಸಿಗದ ದಪ್ಪದ ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಚೌಕ, ಇಳಿಮಾಡಿನ ಹೆಂಚು. ಮೇಲಿನಿಂದ ಇಳಿದ ಬೆಳಕು ನೆಲ ಮುಟ್ಟಿ, ಅಲ್ಲಿಂದ ಚಿಮ್ಮಿ, ಜಗಲಿಯಲ್ಲಿ ಕೂತವರ ಕೆನ್ನೆಗೆ ಕೆಳಗಿನಿಂದ ತಾಗುತ್ತದೆ. ಛಾಯಾಗ್ರಾಹಕ ಎಸ್. ರಾಮಚಂದ್ರ ಈ ಬೆಳಕನ್ನು ಬಲ್ಲವರು. 'ಘಟಶ್ರಾದ್ಧ'ದ ಕಪ್ಪು-ಬಿಳುಪಿನಲ್ಲಿ ಇಂಥದೇ ಮನೆಗಳ ನೆರಳನ್ನು ಹಿಡಿದಿದ್ದ ಕೈ ಅದು. ಇಲ್ಲಿ ಅದೇ ಕೈ ಬಣ್ಣದಲ್ಲಿ ಆಡಿದೆ. ಡಿವಿಡಿಯ 576 ಗೆರೆಗಳ ಚಿತ್ರ ಇಂದಿನ ದೊಡ್ಡ ತೆರೆಗೆ ಮೆತ್ತಗೆ ಕಾಣುತ್ತದೆ ನಿಜ, ಎಡಬಲಕ್ಕೆ ಕಪ್ಪು ಪಟ್ಟಿಯೂ ಉಳಿಯುತ್ತದೆ. ನನಗದು ಕೊರತೆ ಅನ್ನಿಸಿಲ್ಲ. ಆ ಚೌಕದ ಅಳತೆಗೇ ಕೂಡಿಸಿದ ಚಿತ್ರ ಅದು. ಎಳೆದು ಅಗಲ ಮಾಡಿದರೆ ಸ್ವಾಮಿಯ ಮುಖ ಸ್ವಾಮಿಯದಾಗಿ ಉಳಿಯುವುದಿಲ್ಲ.

ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಆಗುಂಬೆ. ನಾರಾಯಣರ ಮಾಲ್ಗುಡಿಯೋ ಸರಯೂ ನದಿಯ ದಂಡೆಯ, ಬಿಸಿಲಿನ ಪೇಟೆ. ಹೊಂದಿಕೆಯಾಗದ ಜೋಡಿ ಎನ್ನಿಸಬೇಕು, ಎನ್ನಿಸುವುದಿಲ್ಲ. ಪಾಚಿಗಟ್ಟಿದ ಕಲ್ಲಿನ ಗೋಡೆ, ಒಂದೇ ಒಂದು ಮುಖ್ಯ ಬೀದಿ, ಬೀದಿಗೆ ಮುಖಮಾಡಿದ ಉದ್ದ ಜಗಲಿಗಳು. ಕಲಾ ನಿರ್ದೇಶಕ ಜಾನ್ ದೇವರಾಜ್ ಮತ್ತು ಅವರ ತಂಡ ಈ ಬೀದಿಯನ್ನು ಐವತ್ತು ವರ್ಷ ಹಿಂದಕ್ಕೆ ಕರೆದೊಯ್ದರು. ಎಲ್ಲಿ ಊರು ಮುಗಿದು ಎಲ್ಲಿ ಅವರ ಕೈಚಳಕ ಶುರುವಾಗುತ್ತದೆಂದು ಎಷ್ಟು ಸಲ ನಿಲ್ಲಿಸಿ ನೋಡಿದರೂ ನನಗೆ ಹೊಲಿಗೆ ಕಾಣುವುದಿಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ ನಾರಾಯಣರ ಕಾದಂಬರಿ ಆಧರಿಸಿದ 1965ರ 'ಗೈಡ್' ಸಿನಿಮಾ ನೆನೆಯಬೇಕು. ಮಾಲ್ಗುಡಿಯ ರಾಜುವನ್ನು ರಾಜಸ್ಥಾನದ ಅರಮನೆಗಳ ಸೀಮೆಗೆ ಒಯ್ದರು. ಸಿನಿಮಾ ಗೆದ್ದಿತು, ಹಾಡುಗಳು ಇಂದಿಗೂ ಬದುಕಿವೆ, ಆದರೆ ನಾರಾಯಣರು ನೊಂದು ಒಂದು ಪ್ರಬಂಧವನ್ನೇ ಬರೆದರು. ತಮ್ಮ ಪುಟ್ಟ ಊರು ಪರದೆಯ ಮೇಲೆ ಕಳೆದುಹೋದುದನ್ನು ಕಂಡ ಲೇಖಕರಿಗೆ, ಎರಡು ದಶಕದ ನಂತರ, ಮೂವತ್ತು ದಾಟಿದ್ದ ಶಂಕರ್‌ನಾಗ್ ಅದನ್ನು ಶಿವಮೊಗ್ಗ ಜಿಲ್ಲೆಯ ಘಟ್ಟದ ತುದಿಯಲ್ಲಿ ಹುಡುಕಿಕೊಟ್ಟರು. ಟಿ.ಎಸ್. ನರಸಿಂಹನ್ ನಿರ್ಮಾಪಕರು. ಶಂಕರ್ ನಿರ್ದೇಶಿಸಿದ್ದು 39 ಕಂತು. 2006ರಲ್ಲಿ ಕವಿತಾ ಲಂಕೇಶ್ ಇನ್ನೂ 15 ಸೇರಿಸಿದರು.

ಮಾತು ಹಿಂದಿ. ಆದರೆ ಮುಖಗಳು ಯಾರವು? ಕನ್ನಡ ರಂಗಭೂಮಿಯೇ ಎದ್ದು ಬಂದು ದೇಶದ ತೆರೆಯ ಮೇಲೆ ಕೂತಿದೆ. ಸ್ವಾಮಿಯ ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ಅಂಗಡಿಯ ಜಗನ್ನಾಗಿ ಅನಂತ್‌ನಾಗ್. ಅಮೆರಿಕದಿಂದ ಮರಳಿದ ಮಗನ ಮುಂದೆ ಮಾತು ಹುಡುಕುವ ಆ ಅಪ್ಪನ ಪಾತ್ರದಲ್ಲಿ ಅನಂತ್ ತನ್ನ ವಯಸ್ಸಿಗೆ ಮೀರಿದ ದಣಿವನ್ನು ಭುಜದ ಮೇಲೆ ಹೊತ್ತು ನಡೆಯುತ್ತಾರೆ. ಈ ನಡಿಗೆಯನ್ನು ನಿಧಾನಗತಿಯಲ್ಲಿ ನೋಡಿ: ಹೆಜ್ಜೆ ಮೊದಲು, ಮನಸ್ಸು ಆಮೇಲೆ. ಸಣ್ಣ ಸಂಬಳದ ಗುಮಾಸ್ತನ ಕಥೆಯಲ್ಲಿ ವಿಷ್ಣುವರ್ಧನ್. ಕನ್ನಡದ ದೊಡ್ಡ ತಾರೆ ಇಲ್ಲಿ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟು ಆಫೀಸಿನಲ್ಲಿ ಸಿಕ್ಕಿಬೀಳುವ ವೆಂಕಟರಾವ್. ಮಗು ಸಿಂಗರಿಸಿಕೊಂಡು ಕಾಯುತ್ತದೆ. ಐದು ರೂಪಾಯಿ ಬಡ್ತಿಯ ಮುಂದೆ ಅವನ ರಾಜೀನಾಮೆ ಕರಗುತ್ತದೆ. ಈ ಕಂತು ಮುಗಿದ ಮೇಲೆ ಇನ್ನೊಂದನ್ನು ಹಾಕಲು ನನ್ನಿಂದ ಆಗುವುದಿಲ್ಲ.

ಮತ್ತೆ ಸ್ವಾಮಿ. ಮಾಸ್ಟರ್ ಮಂಜುನಾಥ್. ನಟಿಸುತ್ತಿದ್ದಾನೆಂದು ಒಂದು ಚೌಕಟ್ಟಿನಲ್ಲೂ ಅನ್ನಿಸದ ಹುಡುಗ. ಅಪ್ಪ ಲೆಕ್ಕ ಕೇಳುವಾಗ ತುಟಿ ಅಲುಗುವ ಮುಂಚೆ ಹುಬ್ಬು ಅಲುಗುತ್ತದೆ, ಗೆಳೆಯ ಮಣಿ ಬೆನ್ನು ತಟ್ಟಿದರೆ ಎದೆ ಒಂದಿಂಚು ಉಬ್ಬುತ್ತದೆ. ಎಂ.ಸಿ.ಸಿ. ಅಂದರೆ ಮಾಲ್ಗುಡಿ ಕ್ರಿಕೆಟ್ ಕ್ಲಬ್ ಕಟ್ಟುವ ಉತ್ಸಾಹ, ಶಾಲೆ ಬಿಟ್ಟು ಓಡುವ ಭಯ, ಪೊಲೀಸ್ ಅಧಿಕಾರಿಯ ಮಗ ರಾಜಮ್‌ನ ಎದುರು ಸೋಲದಿರಬೇಕೆಂಬ ಹಟ. 1935ರಲ್ಲಿ ಪುಸ್ತಕವಾಗಿ ಬಂದ ಹುಡುಗ ಐವತ್ತು ವರ್ಷ ಕಾದಿದ್ದ, ಈ ಮುಖ ಸಿಗಲಿ ಎಂದು.

ಕಳೆದ ಬೇಸಿಗೆಯಲ್ಲಿ ಅಕ್ಕನ ಮೊಮ್ಮಕ್ಕಳು ಬಂದಿದ್ದರು. ಫೋನಿನಲ್ಲಿ ಏನು ಬೇಕಾದರೂ ಕ್ಷಣದಲ್ಲಿ ತೆರೆದು, ಕ್ಷಣದಲ್ಲಿ ಮುಚ್ಚುವ ಬೆರಳುಗಳು. ಪೆಟ್ಟಿಗೆಯನ್ನು ಅವರ ಕೈಗೇ ಕೊಟ್ಟೆ. ತಟ್ಟೆಯ ಹಿಂಬದಿಯಲ್ಲಿ ಕಾಮನಬಿಲ್ಲು ಕಂಡು ಅದರಲ್ಲೇ ಸ್ವಲ್ಪ ಹೊತ್ತು ಮುಖ ನೋಡಿಕೊಂಡರು. ಹಿಂದಿ ಅಷ್ಟಾಗಿ ಬಾರದ ಚಿಕ್ಕವನಿಗೆ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಎರಡನೆಯ ಕಂತಿಗೆ 'ನೀವು ಸುಮ್ನಿರಿ, ಗೊತ್ತಾಗ್ತಿದೆ' ಎಂದ. ಸ್ವಾಮಿ ತನ್ನ ಟೋಪಿಯನ್ನು ವಿದೇಶಿ ಬಟ್ಟೆಯ ಬೆಂಕಿಗೆ ಎಸೆದಾಗ ಮೂವರೂ ಮಂಡಿಯೂರಿ ಟಿವಿಯ ಹತ್ತಿರ ಸರಿದರು.

ರಾಜಮ್ ಊರು ಬಿಡುವ ದೃಶ್ಯ ಬಂತು. ರೈಲಿನ ದೃಶ್ಯಗಳನ್ನು ತೆಗೆದದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ. ಆಗಿನ ಮೀಟರ್ ಗೇಜ್ ಹಳಿ ಈಗಿಲ್ಲ. ಹಳೆಯ ನಿಲ್ದಾಣದ ಕಟ್ಟಡ ಮಾತ್ರ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಪುಟ್ಟ ಪ್ಲಾಟ್‌ಫಾರ್ಮು, ಹೊಗೆ, ಆಂಡರ್ಸನ್ ಕಥೆಗಳ ಪುಸ್ತಕ ಹಿಡಿದ ಸ್ವಾಮಿ. ಮಾತು ಬಿಟ್ಟ ಗೆಳೆಯ ಒಂದು ಸಲ ತಿರುಗಿ ನೋಡಿಯಾನೇ ಎಂಬುದಷ್ಟೇ ಅವನ ಕಣ್ಣಿನಲ್ಲಿದೆ. ಚಿಕ್ಕವನು ರಿಮೋಟ್ ಕಸಿದುಕೊಂಡು ಹಿಂದಕ್ಕೆ ಒತ್ತಿದ. ರೈಲು ಮತ್ತೆ ನಿಲ್ದಾಣಕ್ಕೆ ಬಂತು. 'ಈಗ ಮಾತಾಡ್ಸು' ಎಂದ, ಸ್ವಾಮಿಗೆ.

ವಿದೇಶಿ ಧಾರಾವಾಹಿಗಳ ಕೆಲವು ಡಿವಿಡಿಗಳಲ್ಲಿ ಇನ್ನೊಂದು ಧ್ವನಿಪಥ ಇರುತ್ತದೆ. ಅದನ್ನು ಹಾಕಿಕೊಂಡರೆ ಚಿತ್ರ ಓಡುತ್ತಿರುವಾಗ ನಿರ್ದೇಶಕರು, ನಟರು, ತಂತ್ರಜ್ಞರು ಪಕ್ಕದಲ್ಲೇ ಕೂತಂತೆ ಮಾತಾಡುತ್ತಾರೆ. ಮಾಲ್ಗುಡಿಗೆ ಅಂಥದೊಂದು ಆಗಲೇಬೇಕು, ಬೇಗ ಆಗಬೇಕು. ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಹೆದ್ದಾರಿಯಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ಹೊರಟುಹೋದರು. ವೈದ್ಯನಾಥನ್ ಇಲ್ಲ, ರಾಮಚಂದ್ರ ಇಲ್ಲ, ವೈಶಾಲಿ, ವಿಷ್ಣುವರ್ಧನ್, ಕಾರ್ನಾಡ್ ಇಲ್ಲ. ಆದರೆ ಅನಂತ್‌ನಾಗ್ ಇದ್ದಾರೆ, ತಂಡದಲ್ಲಿದ್ದ ಅರುಂಧತಿ ನಾಗ್, ರಮೇಶ್ ಭಟ್, ಜಾನ್ ದೇವರಾಜ್ ಇದ್ದಾರೆ, ಸ್ವಾಮಿಯೇ ಇದ್ದಾರೆ. ಮೂಲ ಪ್ರತಿಯನ್ನು ಶುಚಿಮಾಡಿ, ಇವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಕಂತುಗಳನ್ನು ಒಂದೊಂದಾಗಿ ಓಡಿಸುತ್ತಾ ಮಾತಾಡಿಸಬೇಕು. ಕನ್ನಡದಲ್ಲೇ ಮಾತಾಡಿಸಬೇಕು. ಹಾಗೊಂದು ಡಿವಿಡಿ ಬಂದ ದಿನ ಅಂಗಡಿ ತೆರೆಯುವ ಮೊದಲೇ ನಾನು ಬಾಗಿಲಲ್ಲಿರುತ್ತೇನೆ. ಕೇಳಬೇಕಾದ್ದು ಬೇಕಾದಷ್ಟಿದೆ. ಆಗುಂಬೆಯ ಆಕಾಶದಿಂದ ಅಷ್ಟೊಂದು ಬಿಸಿಲನ್ನು ನೀವು ಹೇಗೆ ಕಾದು ಹಿಡಿದಿರಿ? ಆ ಗುನುಗನ್ನು ಮೊದಲ ಸಲ ಕೇಳಿದಾಗ ಶಂಕರ್ ಏನೆಂದರು? ಮತ್ತೆ ಮಂಜುನಾಥ್, ಅಂದು ಪ್ಲಾಟ್‌ಫಾರ್ಮಿನಲ್ಲಿ ಪುಸ್ತಕ ಹಿಡಿದು ನಿಂತಿದ್ದಾಗ ನಿಮ್ಮ ಕಣ್ಣಿನಲ್ಲಿ ಬಂದದ್ದು ಯಾರು ಹೇಳಿಕೊಟ್ಟದ್ದು?