ಪೂರ್ವದೇಶದ ಮಣೆಯ ಮೇಲೆ ನಮ್ಮ ಆನೆ

ಕೊಪ್ಪಳ ಸೀಮೆಯ ಇಟಗಿಯಲ್ಲಿ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ‘ದೇವಾಲಯ ಚಕ್ರವರ್ತಿ’ಯೆಂದು ಶಾಸನವು ಕೊಂಡಾಡಿದ ಗುಡಿಯನ್ನು ಗಂಗಾವತಿ, ಯಲಬುರ್ಗಾಗಳ ಜನರೆಲ್ಲ ಬಲ್ಲರು, ಆದರೆ ಆ ದಂಡನಾಯಕನ ಒಡೆಯನಾದ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಎರಡು ದಶಕಗಳೊಳಗಾಗಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ರಾಜವಿನೋದಗಳ ಸಾಲಿನಲ್ಲಿ ಚದುರಂಗವೂ ನಿರೂಪಿತವಾಗಿದೆಯೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಗಜ, ತುರಗ, ರಥ, ಪದಾತಿಗಳೆಂಬ ಸೇನೆಯ ನಾಲ್ಕು ಅಂಗಗಳನ್ನು ಮಣೆಗಿಳಿಸಿದ ಈ ಕ್ರೀಡೆಯು ಭರತಖಂಡದಿಂದ ಹೊರಟು ಪಶ್ಚಿಮದಲ್ಲಿ ಪಾರಸಿಕರನ್ನೂ ಅರಬರನ್ನೂ ದಾಟಿ ಯೂರೋಪನ್ನು ಸೇರಿತು. ಪೂರ್ವದಲ್ಲಿ ಬರ್ಮಾ, ಸಯಾಮ್, ಚೀನ, ಜಪಾನುಗಳಲ್ಲಿ ಬೇರೆ ಬೇರೆ ರೂಪಗಳನ್ನು ತಾಳಿತು. ಸುಮಾರು 1030ರಲ್ಲಿ ಭಾರತವನ್ನು ಕುರಿತು ಬರೆದ ಅಲ್‌ಬೆರೂನಿಯು, ಇಲ್ಲಿಯ ಆನೆ ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗಳಿಗೆ ಒಂದೊಂದು ಮನೆ ನಡೆಯುವುದೆಂದೂ, ಈ ಐದು ಮನೆಗಳು ಅದರ ಸೊಂಡಿಲು ಮತ್ತು ನಾಲ್ಕು ಕಾಲುಗಳ ಸ್ಥಾನಗಳೆಂದೂ ತಿಳಿಸಿದ್ದಾನೆ.

ಜಪಾನಿನ ಚದುರಂಗವಾದ ಶೋಗಿಯಲ್ಲಿ ‘ರಜತ ಸೇನಾನಿ’ಯೆಂಬ ಕಾಯಿಯ ನಡೆಯೂ ಇದೇ ಆಗಿದೆ; ಬರ್ಮಾದ ಆನೆಯೂ ಹೀಗೆಯೇ ನಡೆಯುತ್ತದೆ. ನಾರಾ ನಗರದ ಕೋಫುಕುಜಿ ದೇವಾಲಯದ ನೆಲದಲ್ಲಿ 1993ರಲ್ಲಿ ದೊರೆತ ಹದಿನಾರು ಮರದ ಕಾಯಿಗಳ ಜೊತೆಯಲ್ಲಿ 1058ರ ಕಾಲನಿರ್ದೇಶವುಳ್ಳ ಹಲಗೆಯೊಂದು ಸಿಕ್ಕಿರುವುದರಿಂದ, ಇಟಗಿಯ ಗುಡಿ ಏಳುವುದಕ್ಕೆ ಅರ್ಧ ಶತಮಾನ ಮುಂಚೆಯೇ ಅಲ್ಲಿಯ ಬೌದ್ಧಾಲಯದಲ್ಲಿ ಈ ಆಟ ನೆಲೆಗೊಂಡಿತ್ತೆಂದು ಸಿದ್ಧವಾಗುತ್ತದೆ. ಅದು ಚೀನದ ಮಾರ್ಗವಾಗಿ ಬಂದಿತೋ, ಆಗ್ನೇಯ ಏಷ್ಯದ ಕಡಲದಾರಿಯಿಂದ ಬಂದಿತೋ ಎಂಬಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಆನೆಯ ನಡೆಯ ಸಾಮ್ಯವು ಎರಡನೆಯ ಪಕ್ಷಕ್ಕೆ ಬಲವನ್ನೀಯುತ್ತದೆ.

ಆನೆಗೊಂದಿಯ ಎದುರು ದಡದಲ್ಲಿ ವಿಜಯನಗರವು ತಲೆಯೆತ್ತಿದ 14ನೆಯ ಶತಮಾನದಲ್ಲಿ ಜಪಾನಿನಲ್ಲಿ ‘ಚೂ ಶೋಗಿ’ಯೆಂಬ ಮಹಾಪ್ರಭೇದವು ಪ್ರಚಾರಕ್ಕೆ ಬಂದಿತ್ತು. ಉದ್ದಗಲಗಳಲ್ಲಿ ಹನ್ನೆರಡು ಮನೆ, ಇಬ್ಬರಿಗೂ ಸೇರಿ 92 ಕಾಯಿ. ಒಂದೇ ಸರದಿಯಲ್ಲಿ ಎರಡು ಹೆಜ್ಜೆಯಿಡುವ ಸಿಂಹ ಅದರ ಪ್ರಾಣ. ಅಲ್ಲಿಯ ಮದಗಜವು ಶತ್ರುವಿನ ಎಲ್ಲೆಯನ್ನು ಹೊಕ್ಕು ಬಡ್ತಿ ಪಡೆದರೆ ಯುವರಾಜನಾಗುತ್ತದೆ. ಆಗ ಅರಸನು ಬಿದ್ದರೂ ಆಟ ಮುಗಿಯದು, ಯುವರಾಜನನ್ನೂ ಹಿಡಿದಲ್ಲದೆ ಎದುರಾಳಿಗೆ ಜಯವಿಲ್ಲ. ರಾಜ್ಯವು ಒಬ್ಬನೊಡನೆ ಅಳಿಯದೆಂಬ ತತ್ತ್ವವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಆಟ ವಿರಳ.

ಇಂದು ನಮ್ಮ ಮಣೆಯ ಆನೆ ನೇರವಾಗಿ ಓಡುತ್ತದೆ. ಅಲ್‌ಬೆರೂನಿ ಕಂಡ ಐದು ಹೆಜ್ಜೆಗಳನ್ನು ಅದು ಮರೆತಿದೆ. ಆದಕಾರಣ, ನಮ್ಮ ಪೂರ್ವಜರ ಕ್ರೀಡೆಯ ಚರಿತ್ರೆಯನ್ನು ಅರಿಯಬಯಸುವವನು ಮಾನಸೋಲ್ಲಾಸದ ಮಗ್ಗುಲಲ್ಲಿಯೇ ಶೋಗಿಯ ಮಣೆಯನ್ನೂ ಇರಿಸಿಕೊಳ್ಳಬೇಕು; ತವರಿನಲ್ಲಿ ಕಳೆದುಹೋದುದನ್ನು ಪರದೇಶದವರು ಸಾವಿರ ವರ್ಷ ಕಾಪಾಡಿಕೊಂಡು ಬಂದಿರುವಾಗ, ಅವರಿಂದ ಅದನ್ನು ಕಲಿಯುವುದು ನಮಗೆ ಗೌರವದ ಮಾತೇ ಆಗಿದೆ.