ಅಳಿವೆ ದಾಟುವ ಮುನ್ನ ಎಂಜಿನ್ ಕಡೆ ಒಂದು ಕಣ್ಣು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆಗ 10 ಅಶ್ವಶಕ್ತಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಅವಕಾಶವಿದೆ. ಬೆಂಗರೆ, ಉಳ್ಳಾಲದ ಎಷ್ಟೋ ಮನೆಗಳ ಮಳೆಗಾಲದ ಅನ್ನ ಇದರಲ್ಲೇ. ಅಳಿವೆಯ ಅಲೆ ನಡುವೆ ಎಂಜಿನ್ ನಿಂತರೆ ಜೀವಕ್ಕೇ ಕುತ್ತು.

ಸಾಗಿಸುವಾಗ: ನೀರಿನಿಂದ ತೆಗೆದ ಎಂಜಿನನ್ನು ಸ್ವಲ್ಪ ಹೊತ್ತು ನೇರ ನಿಲ್ಲಿಸಿ, ಒಳಗಿನ ಉಪ್ಪುನೀರು ಇಳಿಯಲಿ. ಪಿಕಪ್‌ನಲ್ಲಿ ಮಲಗಿಸಿದರೆ ಫ್ಯಾನಿನ ಕಡೆ ತಗ್ಗಿರಬೇಕು. ಇಲ್ಲದಿದ್ದರೆ ಉಳಿದ ನೀರು ಸಿಲಿಂಡರ್‌ಗೆ ನುಗ್ಗೀತು.

ಕಟ್ಟುವಾಗ: ದೋಣಿಯ ಹಿಂಬದಿ ಹಲಗೆಗೆ ಕೂರಿಸಿ ಎರಡೂ ಕ್ಲಾಂಪ್ ಸ್ಕ್ರೂ ಬಿಗಿಯಿರಿ. ಅಲುಗಾಟಕ್ಕೆ ಸ್ಕ್ರೂ ಸಡಿಲಾಗ್ತದೆ. ಬೇರೊಂದು ಗಟ್ಟಿ ಹಗ್ಗವನ್ನೂ ದೋಣಿಗೆ ಕಟ್ಟಿದ್ದರೆ ಎಂಜಿನ್ ಕಡಲ ಪಾಲಾಗದು.

ಇಂಧನ: ಸೀಮೆಎಣ್ಣೆ ಎಂಜಿನನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲು. ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಹಗ್ಗ ಎಳೆದೆಳೆದು ಕೈ ಸೋಲ್ತದೆ. ಆಯಿಲ್ ಬೆರೆಸುವ 2 ಸ್ಟ್ರೋಕ್ ಎಂಜಿನಿಗೆ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಸೀಮೆಎಣ್ಣೆಗೆ ಪ್ರಮಾಣ ಬೇರೆ ಇರಬಹುದು, ಎಂಜಿನ್ ಜೊತೆ ಬಂದ ಪುಸ್ತಕ ನೋಡಿ. ಟ್ಯಾಂಕ್ ದಡದಲ್ಲೇ ತುಂಬಿಸಿ, ಬೀಡಿ ದೂರವಿರಲಿ.

ಸ್ಟಾರ್ಟ್ ಆದೊಡನೆ ಎಂಜಿನ್ ತಣಿಸುವ ನೀರು ಹೊರಗೆ ಚಿಮ್ಮುತ್ತಾ ನೋಡಿ. ಚಿಮ್ಮದಿದ್ದರೆ ಕೂಡಲೇ ಆಫ್ ಮಾಡಿ, ಸರಿಪಡಿಸುವವರೆಗೆ ಅಳಿವೆ ದಾಟುವುದು ಬೇಡ.