ಮನೆ ಮತ್ತು ಮಳಿಗೆಯ ಗಣಕ ಜಾಲಕ್ಕೆ ಸೂಕ್ತ ಕೇಬಲ್ಲಿನ ಆಯ್ಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆಯ ಪೇಟೆಬೀದಿಗಳಲ್ಲಿ ಕೆಳಗೆ ಮಳಿಗೆ, ಮೇಲೆ ವಾಸದ ಮನೆ ಇರುವ ಕಟ್ಟಡಗಳೇ ಹೆಚ್ಚು. ಅಕ್ಕಿ ಗಿರಣಿ ಮತ್ತು ಮರದ ಮಿಲ್ಲುಗಳ ಆವರಣದಲ್ಲಿ ಕಚೇರಿ, ಗೋದಾಮು, ವೇಬ್ರಿಜ್ ಹಾಗೂ ಮಾಲೀಕರ ಮನೆ ಒಂದಕ್ಕೊಂದು ದೂರದಲ್ಲಿರುವುದುಂಟು. ಇವೆಲ್ಲವನ್ನೂ ಒಂದೇ ಅಂತರ್ಜಾಲ ಸಂಪರ್ಕಕ್ಕೆ ಜೋಡಿಸುವ ವಾಡಿಕೆ ಈಗ ಬೆಳೆದಿದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಮತ್ತು 2018ರಲ್ಲಿ ಇ-ವೇ ಬಿಲ್ ಜಾರಿಗೆ ಬಂದ ನಂತರ ಈ ಸಂಪರ್ಕವು ವ್ಯಾಪಾರದ ಅವಿಭಾಜ್ಯ ಅಂಗವಾಗಿದೆ. ಸರಕು ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುವಾಗ ಗಣಕಯಂತ್ರ ಸ್ತಬ್ಧವಾದರೆ ಆಗುವ ನಷ್ಟವನ್ನು ವರ್ತಕರು ಬಲ್ಲರು.

ಇಂತಹ ಸಂದರ್ಭದಲ್ಲಿ ದೂಷಣೆಗೆ ಮೊದಲು ಗುರಿಯಾಗುವುದು ಅಂತರ್ಜಾಲ ಸೇವೆ ಒದಗಿಸುವ ಸಂಸ್ಥೆ. ಆದರೆ ಅನೇಕ ವೇಳೆ ದೋಷವಿರುವುದು ಗೋಡೆಯೊಳಗೆ ಹುದುಗಿರುವ ಕೇಬಲ್ಲಿನಲ್ಲಿ. ರೂಟರನ್ನು ಬದಲಾಯಿಸುವುದು ಸುಲಭ, ಗಾರೆಯೊಳಗಿನ ತಂತಿಯನ್ನು ಬದಲಾಯಿಸುವುದು ಕಷ್ಟ. ಆದುದರಿಂದ ಮೊದಲ ಆಯ್ಕೆಯೇ ಸರಿಯಾಗಿರಬೇಕು.

ಕೇಬಲ್ಲಿನ ರಚನೆ ಮತ್ತು ದರ್ಜೆಗಳು

ಈಥರ್‌ನೆಟ್ ಕೇಬಲ್ಲಿನೊಳಗೆ ಎಂಟು ಎಳೆಗಳಿದ್ದು, ಎರಡೆರಡರಂತೆ ಹೊಸೆದ ನಾಲ್ಕು ಜೋಡಿಗಳಾಗಿರುತ್ತವೆ. ಈ ಹೊಸೆತವು ಒಂದು ಜೋಡಿಯ ಸಂಕೇತ ಇನ್ನೊಂದರೊಡನೆ ಬೆರೆಯದಂತೆ, ಹೊರಗಿನ ವಿದ್ಯುತ್ ಗದ್ದಲ ತಟ್ಟದಂತೆ ಕಾಪಾಡುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿಗಳು ಸಾಕು. 1 ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಆದ್ದರಿಂದಲೇ ಒಂದೇ ಒಂದು ಎಳೆ ತುಂಡಾದರೂ ಸಂಪರ್ಕ ಪೂರ್ತಿ ನಿಲ್ಲದೆ, ವೇಗ ಮಾತ್ರ ಹತ್ತನೆಯ ಒಂದು ಭಾಗಕ್ಕೆ ಇಳಿಯುವುದುಂಟು.

ಮಾರುಕಟ್ಟೆಯಲ್ಲಿ ದೊರೆಯುವ ಮುಖ್ಯ ದರ್ಜೆಗಳು ಹೀಗಿವೆ: ಕ್ಯಾಟ್-5ಇ ಕೇಬಲ್ 100 ಮೀಟರ್ ದೂರದವರೆಗೆ 1 ಗಿಗಾಬಿಟ್ ವೇಗವನ್ನು ಒಯ್ಯಬಲ್ಲದು. ಕ್ಯಾಟ್-6 ಕೂಡ ಅಷ್ಟೇ ದೂರಕ್ಕೆ ಅದೇ ವೇಗವನ್ನು ಹೆಚ್ಚು ನಿರಾತಂಕವಾಗಿ ಒಯ್ಯುವುದಲ್ಲದೆ, ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ವೇಗ ನೀಡುತ್ತದೆ. ಕ್ಯಾಟ್-6ಎ ಈ 10 ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೂ ನೀಡುತ್ತದೆ. ಆದರೆ ದಪ್ಪ ಹೆಚ್ಚು, ಬೆಲೆಯೂ ಹೆಚ್ಚು. ಕ್ಯಾಟ್-8 ಬೃಹತ್ ದತ್ತಾಂಶ ಕೇಂದ್ರಗಳಿಗಾಗಿ ರೂಪಿತವಾದದ್ದು. ಅದರ ಪೂರ್ಣ ಸಾಮರ್ಥ್ಯ 30 ಮೀಟರ್‌ಗೆ ಸೀಮಿತ.

ಮನೆ, ಮಳಿಗೆ, ಸಣ್ಣ ಕಾರ್ಖಾನೆಗಳ ಅಂತರ್ಜಾಲ ಸಂಪರ್ಕ ಸಾಮಾನ್ಯವಾಗಿ ಕೆಲವು ನೂರು ಮೆಗಾಬಿಟ್‌ಗಳನ್ನು ಮೀರುವುದಿಲ್ಲ. ಈಗಾಗಲೇ ಒಳ್ಳೆಯ ಕ್ಯಾಟ್-5ಇ ಅಳವಡಿಸಿದವರು ಅದನ್ನು ಕಿತ್ತುಹಾಕಬೇಕಾದ ಅಗತ್ಯವಿಲ್ಲ. ಹೊಸದಾಗಿ ಅಳವಡಿಸುವವರಿಗೆ ಕ್ಯಾಟ್-6 ಯೋಗ್ಯ. ಅದಕ್ಕಿಂತ ಮೇಲಿನ ದರ್ಜೆಗೆ ತೆರುವ ಹಣ ಬಹುತೇಕ ವ್ಯರ್ಥ.

ತಾಮ್ರವೋ, ತಾಮ್ರದ ಲೇಪವೋ?

ದರ್ಜೆಗಿಂತಲೂ ಮುಖ್ಯವಾದದ್ದು ಲೋಹ. ಅಗ್ಗದ ಕೇಬಲ್ಲುಗಳಲ್ಲಿ ಹಲವು ಸಿ.ಸಿ.ಎ., ಅಂದರೆ ತಾಮ್ರದ ತೆಳು ಹೊದಿಕೆಯುಳ್ಳ ಅಲ್ಯೂಮಿನಿಯಂ. ಪೆಟ್ಟಿಗೆಯ ಮೇಲೆ ಕ್ಯಾಟ್-6 ಎಂದು ಅಚ್ಚಾಗಿದ್ದರೂ ಇದು ಆ ದರ್ಜೆಯ ನಿಯಮಗಳಿಗೆ ಒಳಪಡುವುದಿಲ್ಲ. ಇದರ ವಿದ್ಯುತ್ ರೋಧ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಎಳೆಗಳು ಬಾಗಿಸಿದಾಗ ಸುಲಭವಾಗಿ ಮುರಿಯುತ್ತವೆ. ತೇವ ತಗುಲಿದ ತುದಿಗಳು ಬೇಗ ಕೆಡುತ್ತವೆ.

ಗೋದಾಮಿನ ಕಾವಲು ಕ್ಯಾಮೆರಾಗಳಿಗೆ ಇದೇ ಕೇಬಲ್ಲಿನ ಮೂಲಕ ವಿದ್ಯುತ್ತನ್ನೂ ಒದಗಿಸುವ ಪಿ.ಓ.ಇ. ವಿಧಾನವನ್ನು ಬಳಸುವವರಿಗೆ ಈ ಅಂಶ ಇನ್ನೂ ಮುಖ್ಯ. ಈ ವಿಧಾನದಲ್ಲಿ ಸ್ವಿಚ್ಚು ಒಂದು ಕೇಬಲ್ಲಿನ ಮೂಲಕ 2003ರ ಮಾನಕದಂತೆ 15.4 ವ್ಯಾಟ್, 2009ರ ಮಾನಕದಂತೆ 30 ವ್ಯಾಟ್ ವಿದ್ಯುತ್ ಕಳುಹಿಸಬಲ್ಲದು. ರೋಧ ಹೆಚ್ಚಿದಂತೆ ಕೇಬಲ್ಲು ಬಿಸಿಯಾಗುತ್ತದೆ, ದೂರದ ಕ್ಯಾಮೆರಾಕ್ಕೆ ಸಾಕಷ್ಟು ವೋಲ್ಟೇಜ್ ತಲುಪುವುದಿಲ್ಲ. ಹಗಲು ಸರಿಯಾಗಿರುವ ಕ್ಯಾಮೆರಾ ರಾತ್ರಿ ತನ್ನ ದೀಪಗಳು ಹೊತ್ತಿಕೊಂಡೊಡನೆ ಆರಿಹೋದರೆ, ಸಂಶಯಿಸಬೇಕಾದ ಕಾರಣಗಳಲ್ಲಿ ಇದೂ ಒಂದು.

ಪರೀಕ್ಷೆ ಕಷ್ಟವಲ್ಲ. ಒಂದು ಎಳೆಯ ಹೊದಿಕೆ ಸುಲಿದು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ಅಲ್ಯೂಮಿನಿಯಂ. ಎತ್ತಿ ನೋಡಿದಾಗ ಪೆಟ್ಟಿಗೆ ತೀರ ಹಗುರವೆನಿಸಿದರೂ ಎಚ್ಚರ ವಹಿಸಬೇಕು. ಪೂರ್ಣ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 305 ಮೀಟರ್ ಕೇಬಲ್ ಇರುತ್ತದೆ. ಕೊಳ್ಳುವಾಗ ಬಿಲ್ಲಿನಲ್ಲಿಯೇ ‘ಶುದ್ಧ ತಾಮ್ರ’ ಎಂದು ಬರೆಸಿಕೊಳ್ಳುವುದು ಕ್ಷೇಮಕರ. ಮುಂದೆ ತಕರಾರು ಬಂದಲ್ಲಿ ಅದೇ ಆಧಾರ.

ಗೋಡೆಯೊಳಗೆ ಹಾಯಿಸಲು ಘನ ಎಳೆಯ ಕೇಬಲ್ ಬಳಸಬೇಕು. ನೂಲಿನಂತಹ ಹಲವು ತಂತುಗಳಿಂದಾದ ಮೆದು ಕೇಬಲ್ ಗೋಡೆಯ ಸಾಕೆಟ್ಟಿನಿಂದ ಗಣಕಯಂತ್ರದವರೆಗಿನ ಚಿಕ್ಕ ಅಂತರಕ್ಕೆ ಮಾತ್ರ ಸೂಕ್ತ.

ದೂರ, ಮಳೆ ಮತ್ತು ಸಿಡಿಲು

100 ಮೀಟರ್ ಎಂಬ ಮಿತಿಯಲ್ಲಿ 90 ಮೀಟರ್ ಸ್ಥಿರ ಕೇಬಲ್ಲಿಗೆ, ಉಳಿದ 10 ಮೀಟರ್ ಎರಡು ತುದಿಗಳ ಮೆದು ಕೇಬಲ್ಲಿಗೆ ಮೀಸಲು. ಈ ಲೆಕ್ಕ ಕೇಬಲ್ ಸಾಗುವ ದಾರಿಯದೇ ಹೊರತು ನೇರ ದೃಷ್ಟಿಯ ಅಂತರದ್ದಲ್ಲ. ಗೋಡೆ ಏರಿ, ಮಾಡಿನಂಚಿನಲ್ಲಿ ಸುತ್ತಿ ಇಳಿಯುವಾಗ 60 ಮೀಟರ್ ಅಂತರವೂ 100ನ್ನು ಮೀರಬಹುದು.

ಬಿಸಿಲಿಗೆ ತೆರೆದಿರುವ ಕಡೆ ಹೊರಾಂಗಣಕ್ಕೆಂದೇ ತಯಾರಾದ ಕಪ್ಪು ಪಾಲಿಎಥಿಲೀನ್ ಹೊದಿಕೆಯ ಕೇಬಲ್ ಬೇಕು. ಒಳಾಂಗಣದ ಕೇಬಲ್ಲಿನ ಹೊದಿಕೆ ಬಿಸಿಲಿಗೆ ಬಿರಿದು, ಮುಂಗಾರಿನ ನೀರು ಒಳಸೇರುತ್ತದೆ. ಧಾನ್ಯವಿರುವಲ್ಲಿ ಇಲಿಗಳ ಕಾಟ ತಪ್ಪಿದ್ದಲ್ಲ. ಭತ್ತದ ಗೋದಾಮುಗಳಲ್ಲಿ ಕೇಬಲ್ಲನ್ನು ಗಟ್ಟಿ ಕೊಳವೆಯೊಳಗೆ ಹಾಯಿಸುವುದು ಅವಶ್ಯ.

ಈ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳುಗಳ ಮಳೆ ಗುಡುಗು ಸಿಡಿಲುಗಳೊಡನೆ ಬರುತ್ತದೆ. ಸಮೀಪದಲ್ಲಿ ಸಿಡಿಲೆರಗಿದಾಗ ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ಭಾರಿ ವೋಲ್ಟೇಜ್ ವ್ಯತ್ಯಾಸ ಉಂಟಾಗುತ್ತದೆ. ಅವುಗಳನ್ನು ಜೋಡಿಸುವ ತಾಮ್ರದ ಕೇಬಲ್ಲೇ ಅದರ ಹಾದಿಯಾಗಿ ಸ್ವಿಚ್ಚು, ಗಣಕಯಂತ್ರ, ಕ್ಯಾಮೆರಾಗಳನ್ನು ಸುಟ್ಟುಹಾಕಬಲ್ಲದು. ಆದ್ದರಿಂದ ಗಿರಣಿಯಿಂದ ಮನೆಗೆ, ಕಚೇರಿಯಿಂದ ವೇಬ್ರಿಜ್‌ಗೆ, ಹೀಗೆ ಕಟ್ಟಡದಿಂದ ಕಟ್ಟಡಕ್ಕೆ ಲೋಹದ ಭಾಗವಿಲ್ಲದ ಆಪ್ಟಿಕಲ್ ಫೈಬರ್ ಬಳಸುವುದೇ ಉತ್ತಮ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, 100 ಮೀಟರ್‌ಗಳ ಮಿತಿಯೂ ಅದಕ್ಕಿಲ್ಲ. ಎರಡು ತುದಿಗಳಲ್ಲಿ ಮೀಡಿಯಾ ಕನ್ವರ್ಟರ್ ಜೋಡಿಸಿದರೆ ಆಯಿತು.

ಅಳವಡಿಕೆಯಲ್ಲಿ ಎಚ್ಚರ

ಗಿರಣಿ ಮತ್ತು ಮಿಲ್ಲುಗಳಲ್ಲಿ ಮೂರು ಫೇಸಿನ ಮೋಟಾರು ತಂತಿಗಳ ಜೊತೆ ಒಂದೇ ಕೊಳವೆಯಲ್ಲಿ ಜಾಲದ ಕೇಬಲ್ಲನ್ನು ಎಂದಿಗೂ ಹಾಯಿಸಬಾರದು; ಸಮಾನಾಂತರವಾಗಿ ಸಾಗುವಲ್ಲಿ ಕನಿಷ್ಠ ಒಂದು ಅಡಿ ಅಂತರ ಇರಲಿ, ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಲಿ. ಲೋಹದ ಹಾಳೆ ಸುತ್ತಿದ ರಕ್ಷಿತ ಕೇಬಲ್ ಬಳಸುವುದಾದರೆ ಕನೆಕ್ಟರುಗಳೂ ಅದೇ ಬಗೆಯವಾಗಿರಬೇಕು, ಅರ್ಥಿಂಗ್ ಸಮರ್ಪಕವಾಗಿರಬೇಕು; ಇಲ್ಲವಾದರೆ ಅದಕ್ಕೆ ತೆತ್ತ ಹೆಚ್ಚಿನ ಬೆಲೆಗೆ ಫಲವಿಲ್ಲ. ಕನೆಕ್ಟರ್ ಜೋಡಿಸುವಾಗ ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಮೂಲೆಗಳಲ್ಲಿ ಕೇಬಲ್ಲನ್ನು ಮಡಚದೆ ದುಂಡಗೆ ತಿರುಗಿಸಬೇಕು.

ಕೆಲಸ ಮುಗಿದ ಮೇಲೆ ಎಲ್ಲ ಎಂಟು ಎಳೆಗಳನ್ನೂ ಪರೀಕ್ಷಾ ಸಾಧನದಿಂದ ನೋಡಿ, ಗಣಕಯಂತ್ರದಲ್ಲಿ ಸಂಪರ್ಕದ ವೇಗ 1000 ಮೆಗಾಬಿಟ್ ಎಂದು ತೋರುವುದೇ ಎಂದು ಖಚಿತಪಡಿಸಿಕೊಂಡ ನಂತರವೇ ಹಣ ಪಾವತಿಸುವುದು ಲೇಸು. ಎರಡೂ ಕಡೆಯ ಉಪಕರಣಗಳು ಗಿಗಾಬಿಟ್ ಆಗಿದ್ದೂ 100 ಎಂದು ತೋರಿದರೆ ಎಲ್ಲೋ ಒಂದು ಜೋಡಿ ಕೆಟ್ಟಿದೆ ಎಂದೇ ತಿಳಿಯಬೇಕು.

ಮುಂಗಾರು ಕಳೆದು ತಂಬಾಕಿನ ಹರಾಜು, ಆ ಬಳಿಕ ಭತ್ತದ ಸುಗ್ಗಿ ಆರಂಭವಾದ ಮೇಲೆ ಇಲ್ಲಿನ ವರ್ತಕರಿಗೆ ಗೋಡೆ ಒಡೆಸುವ ಬಿಡುವಿರುವುದಿಲ್ಲ. ಬಿಡುವಿನ ತಿಂಗಳುಗಳಲ್ಲಿ ಒಮ್ಮೆ ಜಾಲವನ್ನು ಪರೀಕ್ಷಿಸಿ, ದೋಷವಿದ್ದಲ್ಲಿ ಶುದ್ಧ ತಾಮ್ರದ ಕ್ಯಾಟ್-6 ಕೇಬಲ್ ಅಳವಡಿಸಿಕೊಂಡರೆ, ಹಲವಾರು ವರ್ಷ ಆ ಚಿಂತೆಯಿಂದ ಮುಕ್ತರಾಗಬಹುದು.